ಹೊಸೂರು, ಕೃಷ್ಣಗಿರಿ ಕಡೆಯ ವೀರಗಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸೂರು, ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ಡೆಂಕಣಿಕೋಟೆ, ಅಂಚೆಟ್ಟಿ ಸುತ್ತಿನ ಕೆರೆ ಏರಿಗಳ ಮೇಲೆ, ಗುಂಡುತೋಪುಗಳಲ್ಲಿ, ಹೊಲದ ಬದುಗಳಲ್ಲಿ ಕತ್ತಿ ಬಿಲ್ಲು ಹಿಡಿದ ಆಳಿನ ಚಿತ್ರವಿರುವ ಕಲ್ಲುಗಳು ನಿಂತಿವೆ. ಅವುಗಳ ಬಗ್ಗೆ ಊರಿನವರು, ಮೇಷ್ಟ್ರುಗಳು, ಕಾಲೇಜು ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ವೀರಗಲ್ಲು ಅಂದರೆ ಯುದ್ಧ ಗೆದ್ದ ನೆನಪಿಗೆ ನೆಟ್ಟ ಕಲ್ಲೇ?

ಅಲ್ಲ. ಕಾದಾಡಿ ಸತ್ತವನಿಗೆ ನೆಟ್ಟ ಕಲ್ಲು. ಗೆದ್ದು ಬದುಕಿ ಮನೆಗೆ ಬಂದವನಿಗೆ ವೀರಗಲ್ಲು ಇಲ್ಲ. ಗೆದ್ದ ರಾಜ ತನ್ನ ಹೆಸರಿನಲ್ಲಿ ನಿಲ್ಲಿಸುವ ಜಯಸ್ತಂಭದ ಜಾತಿಯೇ ಬೇರೆ. ವೀರಗಲ್ಲು ಸತ್ತವನ ಕಡೆ ಸೋತರೂ ಏಳುತ್ತದೆ, ಗೆದ್ದರೂ ಏಳುತ್ತದೆ. ಎಷ್ಟೋ ಕಲ್ಲುಗಳಲ್ಲಿ ಕಾಳಗದಲ್ಲಿ ಯಾರು ಗೆದ್ದರು ಎಂಬ ಮಾತೇ ಇರುವುದಿಲ್ಲ. ಯಾರು ಸತ್ತ, ಯಾರಿಗಾಗಿ ಸತ್ತ, ಅವನ ಮನೆಯವರಿಗೆ ಏನು ಕೊಟ್ಟರು, ಇಷ್ಟೇ ಇರುತ್ತದೆ. ‘ನಮ್ಮೂರಲ್ಲಿ ದೊಡ್ಡ ಯುದ್ಧ ಗೆದ್ದಿದ್ದರು’ ಎಂದು ಫಲಕ ಬರೆಸುವ ಮುನ್ನ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮೂರಲ್ಲಿ ಇದನ್ನು ವೀರಭದ್ರ ಅಂತ ಪೂಜೆ ಮಾಡುತ್ತಾರೆ. ಪಕ್ಕದ ಊರಲ್ಲಿ ವೇಡಿಯಪ್ಪ ಅನ್ನುತ್ತಾರೆ. ಇದು ದೇವರೋ, ವೀರನೋ?

ನೆಟ್ಟಾಗ ವೀರ, ಈಗ ದೇವರು. ಎರಡೂ ನಿಜ. ಕೃಷ್ಣಗಿರಿ, ಧರ್ಮಪುರಿ, ತಿರುವಣ್ಣಾಮಲೈ ಕಡೆ ವೇಡಿಯಪ್ಪನ್ ಹೆಸರಿನಲ್ಲಿ ಪೂಜೆಗೊಳ್ಳುವ ಕಲ್ಲುಗಳಲ್ಲಿ ಬಹಳಷ್ಟು ಹಳೆಯ ವೀರಗಲ್ಲುಗಳೇ. ತಮಿಳರು ಇದಕ್ಕೆ ನಡುಕಲ್ ಎನ್ನುತ್ತಾರೆ, ಅಂದರೆ ನೆಟ್ಟ ಕಲ್ಲು. ನಮ್ಮವರ ಬಾಯಲ್ಲಿ ವೀರ ಈರನಾಗಿ ಈರಗಲ್ಲು ಆಗುತ್ತದೆ. ಕತ್ತಿ ಕಂಡ ಕೂಡಲೇ ವೀರಭದ್ರ ಅನ್ನುವುದು ಸಹಜ. ಆದರೆ ಗುರುತಿಸುವುದು ಕಷ್ಟವಲ್ಲ. ವೀರಭದ್ರನ ಪಕ್ಕದಲ್ಲಿ ಸಾಮಾನ್ಯವಾಗಿ ಆಡಿನ ತಲೆಯ ದಕ್ಷ ಕೈಮುಗಿದು ನಿಂತಿರುತ್ತಾನೆ, ಮೂರ್ತಿಗೆ ನಾಲ್ಕು ಅಥವಾ ಹೆಚ್ಚು ಕೈ. ವೀರನಿಗೆ ಎರಡೇ ಕೈ, ಮೈಯಲ್ಲಿ ಒಂದೆರಡು ಬಾಣ ನೆಟ್ಟಿರಬಹುದು, ಎದುರಿಗೆ ಶತ್ರು ಇರುತ್ತಾನೆ, ಇಲ್ಲವೇ ಕಾಲ ಬಳಿ ದನಗಳು.

ಪೂಜೆ ನಿಲ್ಲಿಸಿ ಎಂದು ಯಾರಿಗೂ ಹೇಳಬೇಡಿ. ಇಷ್ಟು ಕಲ್ಲುಗಳು ಉಳಿದಿರುವುದಕ್ಕೆ ಪೂಜೆಯೇ ಮುಖ್ಯ ಕಾರಣ. ಪೂಜೆ ನಿಂತ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ, ಮೋರಿಯ ಹಾಸಾಗುತ್ತದೆ.

ಕಲ್ಲನ್ನು ಎಲ್ಲಿಂದ ಓದಲು ಶುರುಮಾಡಬೇಕು?

ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ, ಬರಹವನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ. ಮೊದಲ ಸಲ ನೋಡುವವರು ತಪ್ಪುವುದು ಇಲ್ಲೇ.

ಮೂರು ಅಂತಸ್ತಿನ ಕಲ್ಲಾದರೆ ಕೆಳಗಿನದರಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ಚಾಮರ ಬೀಸುತ್ತಾ ಅವನನ್ನು ವಿಮಾನದಲ್ಲೋ ಪಲ್ಲಕ್ಕಿಯಲ್ಲೋ ಕರೆದೊಯ್ಯುವುದು. ಮೇಲಿನದರಲ್ಲಿ ಅವನು ಕೈಲಾಸ ಸೇರಿ ಲಿಂಗದ ಮುಂದೆ ಕೂತಿರುವುದು, ಪಕ್ಕದಲ್ಲಿ ನಂದಿ, ಪೂಜೆ ಮಾಡುವ ಗೊರವ. ಸತ್ತವನು ಜೈನನಾದರೆ ಲಿಂಗದ ಜಾಗದಲ್ಲಿ ಜಿನಬಿಂಬ ಇರಬಹುದು. ತುದಿಯಲ್ಲಿ ಸೂರ್ಯ ಚಂದ್ರ: ಅವರಿರುವ ತನಕ ಈ ಕೀರ್ತಿಯೂ ದತ್ತಿಯೂ ಇರಲಿ ಎಂದು. ಅಂತಸ್ತುಗಳ ನಡುವೆ ಬಿಟ್ಟ ಪಟ್ಟಿಗಳ ಮೇಲೆ ಅಕ್ಷರ ಇರುತ್ತದೆ. ಒಂದೇ ಅಂತಸ್ತಿನ ಹಳೆಯ ಕಲ್ಲುಗಳಲ್ಲಿ ಅಕ್ಷರ ಮೇಲ್ಭಾಗದಲ್ಲೋ, ವೀರನ ಸುತ್ತ ಉಳಿದ ಜಾಗದಲ್ಲೋ, ಅಂಚಿನಲ್ಲೋ ತುಂಬಿರುತ್ತದೆ. ಶಿಲ್ಪಿ ಮೊದಲು ಚಿತ್ರ ಕೆತ್ತಿ, ಉಳಿದ ಜಾಗಕ್ಕೆ ಮಾತು ಹೊಂದಿಸಿದ್ದು ಕಣ್ಣಿಗೆ ಕಾಣುತ್ತದೆ. ಸಾಲು ವೀರನ ಮೊಣಕೈ ತಾಗಿದಲ್ಲಿ ತುಂಡಾಗಿ, ಆಚೆ ಬದಿಯಲ್ಲಿ ಮುಂದುವರಿಯುತ್ತದೆ. ಆದ್ದರಿಂದ ಎಡಭಾಗದ ಸಾಲುಗಳನ್ನೆಲ್ಲ ಮುಗಿಸಿ ಬಲಕ್ಕೆ ಹೋದರೆ ಅರ್ಥವೇ ಆಗುವುದಿಲ್ಲ.

ಒಂದೇ ಅಂತಸ್ತು ಇದ್ದರೆ ಹಳೆಯದು ಎನ್ನಬಹುದೇ?

ಸುಳಿವು ಹೌದು, ಪುರಾವೆ ಅಲ್ಲ. ಗಂಗರ, ನೊಳಂಬರ ಕಾಲದ ಕಲ್ಲುಗಳಲ್ಲಿ ಇಡೀ ಕಲ್ಲನ್ನು ತುಂಬಿದ ಒಬ್ಬ ವೀರ ಹೆಚ್ಚು. ಅಂತಸ್ತು ಮಾಡುವ ಪದ್ಧತಿ ಹತ್ತನೆಯ, ಹನ್ನೊಂದನೆಯ ಶತಮಾನದ ಹೊತ್ತಿಗೆ ಬಲಿಯಿತು. ಆದರೆ ವಿಜಯನಗರದ ಕಾಲದಲ್ಲೂ ಆಮೇಲೂ ಹಳ್ಳಿಯ ಕಲ್ಲುಕುಟಿಗರು ಒಬ್ಬನೇ ವೀರನ ಸಣ್ಣ ಕಲ್ಲುಗಳನ್ನು ಮಾಡಿದ್ದಾರೆ. ಕೈಯಲ್ಲಿ ಕೋವಿ ಇದ್ದರೆ ಮಾತು ಮುಗಿಯಿತು, ಅದು ತೀರಾ ಈಚಿನದು. ಅಕ್ಷರವಿದ್ದರೆ ೞ, ಱ ಎಂಬ ಹಳಗನ್ನಡದ ಅಕ್ಷರಗಳು ಇವೆಯೇ ನೋಡಿ. ೞ ಅಕ್ಷರ ತನ್ನ ಜಾಗದಲ್ಲೇ ಸರಿಯಾಗಿ ಬಂದಿದ್ದರೆ ಕಲ್ಲು ಹಳೆಯದಿರುವ ಸಂಭವ ಹೆಚ್ಚು. ಕಾಲ ಕಳೆದಂತೆ ಅದರ ಜಾಗಕ್ಕೆ ಳ ಬಂತು.

ಇದು ಯುದ್ಧದ ಕಲ್ಲೋ, ದನ ಕದಿಯಲು ಬಂದವರ ಜೊತೆಗಿನ ಜಗಳದ್ದೋ? ಗೊತ್ತಾಗುವುದು ಹೇಗೆ?

ದನ ಇದೆಯೇ ನೋಡಿ. ಕೆಳ ಅಂತಸ್ತಿನ ಮೂಲೆಯಲ್ಲಿ ಸಾಲಾಗಿ ಹಸುಗಳಿದ್ದರೆ ಅದು ತುರುಗೊಳ್ (ದನ ಹೊಡೆಯುವ ದಾಳಿ) ಕಲ್ಲು, ಅಂದರೆ ದನಗಳನ್ನು ಅಟ್ಟಿಕೊಂಡು ಹೋದವರನ್ನು ತಡೆದು ಸತ್ತವನ ಕಲ್ಲು. ಬರಹದಲ್ಲಿ ‘ತುರುವಂ ಮಗುಳ್ಚಿ’ ಎಂದಿದ್ದರೆ ದನಗಳನ್ನು ವಾಪಸು ತಿರುಗಿಸಿದ ಎಂದು ಅರ್ಥ. ಊರಳಿವು ಎಂದಿದ್ದರೆ ಊರಿನ ಮೇಲೆ ಬಿದ್ದ ದಾಳಿ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೇಲೆ ಕೈಮಾಡಿದಾಗ ಎದ್ದ ಕೂಗಿಗೆ ಓಡಿಬಂದು ಸತ್ತದ್ದು. ಹುಲಿಯ ಜೊತೆ, ಹಂದಿಯ ಜೊತೆ ಕಾದಾಡಿ ಸತ್ತವರಿಗೂ ಕಲ್ಲುಗಳಿವೆ.

ರಾಜರ ಯುದ್ಧದ ಕಲ್ಲಾದರೆ ಆನೆ, ಕುದುರೆ, ಕೊಡೆ ಕಾಣುತ್ತವೆ. ಬರಹದಲ್ಲಿ ಕಾಳೆಗ, ದಂಡು ಎಂಬ ಮಾತುಗಳೂ, ಎರಡು ಕಡೆಯ ಅರಸರ ಹೆಸರುಗಳೂ ಬರುತ್ತವೆ. ದನದ ಜಗಳವನ್ನು ಕಡೆಗಣಿಸಬೇಡಿ. ಆಗ ದನವೇ ಸಂಪತ್ತು. ಪಕ್ಕದ ನಾಡಿನ ಅರಸನ ಮೇಲೆ ಯುದ್ಧ ಸಾರುವ ಬಗೆಯೇ ಎಷ್ಟೋ ಸಲ ಅವನ ದನ ಹೊಡೆಯುವುದಾಗಿತ್ತು.

ಬರಹ ಒಂದು ಮಾದರಿಯಲ್ಲಿ ಸಾಗುತ್ತದೆಯೇ? ಒಂದು ಉದಾಹರಣೆ ಕೊಡಿ.

ಹೊಸೂರಿನಿಂದ ಹೆಚ್ಚು ದೂರವಿಲ್ಲದ ಬೇಗೂರಿನ ಕಲ್ಲನ್ನು ತೆಗೆದುಕೊಳ್ಳೋಣ. ಕಾಳಗದ ಸ್ಮಾರಕವಾಗಿ ಇದಕ್ಕಿಂತ ಸೊಗಸಾದದ್ದು ಈ ಸೀಮೆಯಲ್ಲಿ ಕಡಿಮೆ. ಕಾಲ ಸುಮಾರು ಕ್ರಿ.ಶ. 900. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮೊದಲು ‘ಸ್ವಸ್ತಿ’, ಆಮೇಲೆ ಗಂಗ ಅರಸ ಎರೆಯಪ್ಪನ ಬಿರುದುಗಳು. ಆತುರದವರು ಈ ಬಿರುದುಗಳನ್ನು ಬಿಟ್ಟುಬಿಡುತ್ತಾರೆ. ಆದರೆ ತೇದಿ ಇಲ್ಲದ ಕಲ್ಲಿಗೆ ಕಾಲ ಹೇಳುವುದು ಇವೇ. ನಂತರ ಜಗಳ ಯಾರ ಮೇಲೆ: ವೀರಮಹೇಂದ್ರ ಎಂಬ ಅರಸನ ಮೇಲೆ. ಆಮೇಲೆ ಯಾರು ಹೋದದ್ದು: ಅಯ್ಯಪದೇವನ ನೆರವಿಗೆ ನಾಗತ್ತರ. ಎಲ್ಲಿ: ತುಂಬೆಪಾಡಿಯಲ್ಲಿ. ಹೇಗೆ ಸತ್ತ: ಕಾಳಗ ಕೈಮೀರಿದಾಗ ಆನೆಯನ್ನು ಎದುರಿಸಿ ಕಾದಿ. ಆಮೇಲೆ ಫಲ: ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಎಂಬ ಪಟ್ಟ ಕಟ್ಟಿ, ಬೆಂಪೂರು-12 ಅನ್ನು ಕಲ್ನಾಡಾಗಿ (ಸತ್ತವನ ಲೆಕ್ಕದ ದತ್ತಿಯಾಗಿ) ಕೊಟ್ಟ. ಬೆಂಪೂರು ಅಂದರೆ ಇಂದಿನ ಬೇಗೂರು. 12 ಅಂದರೆ ಅದಕ್ಕೆ ಸೇರಿದ ಹನ್ನೆರಡು ಹಳ್ಳಿಗಳು, ಕಲ್ಲಿನಲ್ಲಿ ಅವುಗಳ ಹೆಸರುಗಳೂ ಇವೆ.

ಗಮನಿಸಿ, ನಾಗತ್ತರನ ಕಡೆ ಆ ದಿನ ಗೆದ್ದಿತು ಎಂದು ಕಲ್ಲು ಎಲ್ಲೂ ಹೇಳುವುದಿಲ್ಲ. ಕಲ್ಲಿನ ಮೈತುಂಬ ಆನೆ, ಕುದುರೆ, ಬಿದ್ದ ಹೆಣ. ಅದೇ ಬೇಗೂರಿನಲ್ಲಿ ಇನ್ನೊಂದು ಚಿಕ್ಕ ಕಲ್ಲು ಬೆಂಗುಳೂರ ಕಾಳೆಗದಲ್ಲಿ ನಡೆದ ಸಾವನ್ನು ಹೇಳುತ್ತದೆ. ಬೆಂಗಳೂರು ಎಂಬ ಹೆಸರಿಗೆ ಸಿಕ್ಕಿರುವ ಹಳೆಯ ದಾಖಲೆ ಅದು. ಬೆಂದ ಕಾಳಿನ ಕಥೆ ಹೇಳುವವರು ಒಮ್ಮೆ ಆ ಕಲ್ಲನ್ನು ನೋಡಿ ಬರಲಿ.

ಈ ಸಾಲು, ಅಂದರೆ ಅರಸ, ಎದುರಾಳಿ, ಜಾಗ, ಸಾವು, ದತ್ತಿ, ಶಾಪ, ತಲೆಯಲ್ಲಿದ್ದರೆ ಅರ್ಧ ಸವೆದ ಕಲ್ಲಿನಲ್ಲೂ ಯಾವ ಪದ ಎಲ್ಲಿ ಹುಡುಕಬೇಕು ಎಂಬುದು ಗೊತ್ತಾಗುತ್ತದೆ. ಕೊನೆಯಲ್ಲಿ ‘ವಾರಣಾಸಿ’, ‘ಕವಿಲೆ’ ಎಂದು ಕಂಡರೆ ಅದು ಶಾಪದ ಭಾಗ: ಈ ದತ್ತಿ ಅಳಿದವನು ಕಾಶಿಯಲ್ಲಿ ಸಾವಿರ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ.

ಕಲ್ನಾಡು, ನೆತ್ತರುಗೊಡಗೆ, ಬಾಳ್ಗಳ್ಚು ಎಂದರೆ ಏನು?

ಮೂರೂ ಸಾಮಾನ್ಯವಾಗಿ ಸತ್ತವನ ಲೆಕ್ಕದಲ್ಲಿ ಮನೆಯವರಿಗೆ ಸಿಗುವ ಭೂಮಿ. ನೆತ್ತರುಗೊಡಗೆ ಎಂಬ ಮಾತೇ ಎಲ್ಲ ಹೇಳುತ್ತದೆ. ಬಾಳ್ಗಳ್ಚು ಎಂದರೆ ಬಾಳು (ಕತ್ತಿ) ತೊಳೆದು ಕೊಟ್ಟದ್ದು. ಅಳತೆ ಎಕರೆಯಲ್ಲಿ ಇರುವುದಿಲ್ಲ. ಖಂಡುಗ, ಕೊಳಗ ಎಂದು ಬಿತ್ತನೆಯ ಬೀಜದ ಲೆಕ್ಕದಲ್ಲಿರುತ್ತದೆ. 20 ಕೊಳಗಕ್ಕೆ ಒಂದು ಖಂಡುಗ. ಗದ್ದೆಗೂ ಹೊಲಕ್ಕೂ ಬಿತ್ತನೆ ಬೇರೆಯಾದ್ದರಿಂದ ‘ಎರಡು ಖಂಡುಗ ಅಂದರೆ ಇಷ್ಟು ಎಕರೆ’ ಎಂದು ಒಂದೇ ಲೆಕ್ಕ ಕಟ್ಟಬೇಡಿ.

ತಮಿಳುನಾಡಿನಲ್ಲಿ ನಡೆದ ಯುದ್ಧಕ್ಕೆ ಕನ್ನಡದ ಕಲ್ಲು ಇದೆಯಂತೆ, ಹೌದೇ?

ಇದೆ. ಇಂದಿನ ರಾಣಿಪೇಟೆ ಜಿಲ್ಲೆಯ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರ ಯುವರಾಜ ರಾಜಾದಿತ್ಯನಿಗೂ ಯುದ್ಧವಾಯಿತು. ಕೃಷ್ಣನ ಪಕ್ಕದಲ್ಲಿ ಗಂಗರ ಇಮ್ಮಡಿ ಬೂತುಗ ನಿಂತಿದ್ದ. ರಾಜಾದಿತ್ಯ ಸತ್ತ. ಈ ಯುದ್ಧದ ಅತಿ ಮುಖ್ಯ ದಾಖಲೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದೂ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಸ್ವಾರಸ್ಯ ಏನೆಂದರೆ, ಆ ಕಲ್ಲು ನಿಜವಾಗಿ ನೆಟ್ಟಿರುವುದು ಒಂದು ನಾಯಿಗೆ. ಬೂತುಗನ ಕಡೆಯ ಮಣಲೆರ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಏನು ಬೇಕು ಕೇಳು ಎಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ಬೆಳತೂರಿನ ಬಳಿ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಎರಡು ಖಂಡುಗ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡರೆ ಅಲ್ಲಿನ ಗೊರವನಿಗೆ ನಾಯಿ ಕೊಂದ ಪಾಪ ತಗಲುತ್ತದೆ ಎಂದು ಎಚ್ಚರಿಕೆ. ಶಾಸನದ ಉಳಿದ ಭಾಗದಲ್ಲಿ ರಾಜ್ಯ ರಾಜ್ಯಗಳ ಲೆಕ್ಕ: ಕೃಷ್ಣ ಬೂತುಗನಿಗೆ ಬನವಾಸಿ-12000, ಬೆಳ್ವೊಲ-300, ಪುರಿಗೆರೆ-300, ಕಿಸುಕಾಡು-70, ಬಾಗೆನಾಡು-70 ಕೊಟ್ಟದ್ದು. ಚರಿತ್ರೆಯ ಪುಸ್ತಕಗಳು ಮೂರನೆಯ ಕೃಷ್ಣನ ಬಗ್ಗೆ ಹೇಳುವುದರಲ್ಲಿ ಒಂದು ಪಾಲು ಈ ನಾಯಿಯ ಕೃಪೆ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಬೂತುಗ ರಾಜಾದಿತ್ಯನನ್ನು ಸುರಗಿಯಿಂದ ಇರಿದ ಎಂದು ಆತಕೂರು ಹೇಳಿದರೆ, ಚೋಳರ ಲೈಡನ್ ತಾಮ್ರಪಟದಲ್ಲಿ ರಾಜಾದಿತ್ಯ ಆನೆಯ ಮೇಲಿದ್ದಂತೆಯೇ ಬಾಣ ಎದೆಗೆ ನೆಟ್ಟು ಸತ್ತ ಎಂದಿದೆ. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಸತ್ತ ದೇವರು ಎಂದೇ ಕರೆಯುತ್ತವೆ. ಗಡಿಯ ಎರಡೂ ಕಡೆಯ ಕಲ್ಲು, ತಾಮ್ರ ಓದದೆ ಒಂದು ಯುದ್ಧದ ಬಗ್ಗೆ ತೀರ್ಪು ಕೊಡಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಶಕ ವರ್ಷವನ್ನು ಇಂಗ್ಲಿಷ್ ವರ್ಷಕ್ಕೆ ಬದಲಿಸುವುದು ಹೇಗೆ?

78 ಕೂಡಿಸಿ. ಶಕ ವರ್ಷ ಯುಗಾದಿಗೆ ಶುರುವಾಗುವುದರಿಂದ, ಮಾಸ ಪುಷ್ಯ, ಮಾಘ, ಫಾಲ್ಗುಣ ಆಗಿದ್ದರೆ ಬಹುಪಾಲು 79 ಕೂಡಿಸಬೇಕಾಗುತ್ತದೆ.

ಆದರೆ ಸಂವತ್ಸರದ ಹೆಸರಿನ ಜೊತೆ ತಾಳೆ ನೋಡದೆ ವರ್ಷ ಬರೆಯಬೇಡಿ. ವಿಧಾನ ಸುಲಭ: ಶಕ ವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆ ಬಂದರೆ ಕೊನೆಯದಾದ ಅಕ್ಷಯ. ಆತಕೂರಿನ ಕಲ್ಲಿನಲ್ಲಿ ಇರುವುದು ಶಕ 872, ಸೌಮ್ಯ ಸಂವತ್ಸರ. 872ಕ್ಕೆ 12 ಕೂಡಿಸಿದರೆ 884, ಶೇಷ 44, ಅಂದರೆ ಸಾಧಾರಣ. ಸೌಮ್ಯ 43ನೆಯದು. ಒಂದು ವರ್ಷ ತಪ್ಪಿತು. ಕಲ್ಲು ಸುಳ್ಳು ಹೇಳುತ್ತಿಲ್ಲ. ಅಲ್ಲಿ ಹೇಳಿರುವುದು ನಡೆಯುತ್ತಿರುವ ವರ್ಷ, ನಮ್ಮ ಲೆಕ್ಕ ಕಳೆದ, ಅಂದರೆ ಆಗಲೇ ಪೂರ್ತಿ ಮುಗಿದ ವರ್ಷದ್ದು. ಕಳೆದ ವರ್ಷ 871 ಎಂದು ಹಿಡಿದರೆ 883, ಶೇಷ 43, ಸೌಮ್ಯ. ಆದ್ದರಿಂದ 949-50. 872ಕ್ಕೆ 78 ಕೂಡಿಸಿ ಕಣ್ಣುಮುಚ್ಚಿ 950 ಎಂದು ಬರೆದವರು ಯುದ್ಧವನ್ನೂ ಒಂದು ವರ್ಷ ಮುಂದಕ್ಕೆ ತಳ್ಳಿಬಿಡುತ್ತಾರೆ. ವರ್ಷದ ಅಂಕಿಗೂ ಸಂವತ್ಸರಕ್ಕೂ ಒಂದರ ವ್ಯತ್ಯಾಸ ಬಂದರೆ ಗಾಬರಿ ಬೇಡ. ನಾಲ್ಕೈದು ವರ್ಷಗಳ ವ್ಯತ್ಯಾಸ ಬಂದರೆ ಅಂಕಿಯನ್ನು ತಪ್ಪು ಓದಿದ್ದೀರಿ, ಮತ್ತೊಮ್ಮೆ ಕಲ್ಲಿನ ಬಳಿ ಹೋಗಿ.

ನಮ್ಮೂರಿನವರು ಕನ್ನಡದವರು, ಆದರೆ ಕಲ್ಲಿನ ಮೇಲೆ ತಮಿಳು ಅಕ್ಷರ ಇದೆ. ಯಾಕೆ?

ಕಲ್ಲಿನ ಭಾಷೆ ಆ ಕಾಲದ ಆಡಳಿತದ ಭಾಷೆ, ಊರಿನ ಮನೆಮಾತು ಅದೇ ಆಗಿರಬೇಕೆಂದಿಲ್ಲ. ಹೊಯ್ಸಳರು ಕನ್ನಡದ ಅರಸರು. ಆದರೆ ಸೋಮೇಶ್ವರನ ನಂತರ ರಾಜ್ಯ ಇಬ್ಬರು ಮಕ್ಕಳ ನಡುವೆ ಹಂಚಿಹೋಯಿತು: ಮೂರನೆಯ ನರಸಿಂಹ ದೋರಸಮುದ್ರದಲ್ಲಿ, ರಾಮನಾಥ ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ. ರಾಮನಾಥ ಮುಂದೆ ನೆಲೆ ಬದಲಿಸಿ ಬಂದದ್ದು ನಮ್ಮ ಪಕ್ಕದ ಕುಂದಾಣಿಗೆ. ಅವನ ಕಾಲದ ಶಾಸನಗಳು ಈ ಸೀಮೆಯಲ್ಲಿ ಹೆಚ್ಚಾಗಿ ತಮಿಳಿನಲ್ಲಿವೆ. ಅತ್ತ ಧರ್ಮಪುರಿ ಹಿಂದೆ ತಗಡೂರು. ಅಲ್ಲಿ ನೊಳಂಬರ ಕನ್ನಡ ಶಾಸನಗಳಿವೆ. ಚೆಂಗಂ ಕಡೆಯ ಹಳೆಯ ನಡುಕಲ್ಲುಗಳಲ್ಲಿ ವಟ್ಟೆಳುತ್ತು ಲಿಪಿ. ಒಂದು ದಿನದ ಬೈಕ್ ಪ್ರಯಾಣದಲ್ಲಿ ಮೂರು ಲಿಪಿ ನೋಡಬಹುದು. ‘ಕಲ್ಲು ತಮಿಳಿನದು, ಹಾಗಾದರೆ ಊರು ಅವರದು’ ಅಥವಾ ಅದರ ತಿರುಗುಮುರುಗಾದ ವಾದ, ಎರಡಕ್ಕೂ ವೀರಗಲ್ಲು ಸಾಕ್ಷಿ ಹೇಳುವುದಿಲ್ಲ.

ಕಲ್ಲಿನಲ್ಲಿ ಹೆಂಗಸಿನ ತೋಳು ಮಾತ್ರ ಇದೆ. ಅದೇನು?

ಮಹಾಸತಿಕಲ್ಲು. ಕಂಬದಿಂದ ಚಾಚಿದ ತೋಳು, ಮೊಣಕೈ ಮಡಿಸಿ ಅಂಗೈ ಮೇಲೆತ್ತಿದ್ದು, ಬಳೆ ಒಡೆಯದೆ ಇರುವುದು, ಕೆಲವೊಮ್ಮೆ ಬೆರಳ ನಡುವೆ ನಿಂಬೆಹಣ್ಣು. ವೀರನ ಹೆಂಡತಿ ಸಹಗಮನ ಮಾಡಿದ ಗುರುತು. ಒಂದೇ ಕಲ್ಲಿನಲ್ಲಿ ವೀರನೂ ತೋಳೂ ಇದ್ದರೆ ಅದು ಎರಡು ಸಾವಿನ ಕಲ್ಲು.

ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೆ ಒಂದು ಹೊದಿಸಿದ ಗುಡಿಯಂಥದ್ದು ಇದೆ. ಪಾಂಡವರ ಮನೆಯೇ?

ಒಳಗೆ ನೋಡಿ. ಹಿಂಬದಿಯ ಚಪ್ಪಡಿಯಲ್ಲಿ ಅಥವಾ ಒಳಗೆ ನಿಂತ ಕಲ್ಲಿನಲ್ಲಿ ವೀರನ ಉಬ್ಬುಶಿಲ್ಪ ಇದ್ದರೆ ಅದು ವೀರರ ಗುಡಿ. ಕೃಷ್ಣಗಿರಿ ಕಡೆ ಈ ಬಗೆ ಸಾಮಾನ್ಯ. ಕೆತ್ತನೆ ಇಲ್ಲದೆ, ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ ಇದ್ದು, ಸುತ್ತ ಕಲ್ಲಿನ ವೃತ್ತ ಇದ್ದರೆ ಅದು ಬೃಹತ್ ಶಿಲಾಯುಗದ ಕಲ್ಗೋರಿ, ವೀರಗಲ್ಲಿಗಿಂತ ಸಾವಿರ ವರ್ಷಕ್ಕೂ ಹಳೆಯದಿರಬಹುದು. ಮಲ್ಲಚಂದ್ರಂ ಗುಡ್ಡದ ಮೇಲೆ ಇರುವುದು ಈ ಎರಡನೆಯ ಬಗೆ.

ಅಕ್ಷರ ಸವೆದಿದೆ. ಮೊಬೈಲಿನಲ್ಲಿ ಓದುವಂತೆ ಫೋಟೊ ತೆಗೆಯುವುದು ಹೇಗೆ?

ನಡುಮಧ್ಯಾಹ್ನ ಹೋಗಬೇಡಿ, ಮೊಬೈಲಿನ ಫ್ಲ್ಯಾಶ್ ಹಾಕಬೇಡಿ. ಎದುರಿನಿಂದ ಬಿದ್ದ ಬೆಳಕು ಅಕ್ಷರದ ಗುಳಿಯನ್ನೂ ಕಲ್ಲಿನ ಮೈಯನ್ನೂ ಒಂದೇ ಮಾಡಿಬಿಡುತ್ತದೆ. ಬೇಕಾದ್ದು ಓರೆಬೆಳಕು.

ಕತ್ತಲಾದ ಮೇಲೆ ಹೋಗಿ. ಮೊಬೈಲನ್ನು ಸ್ಟ್ಯಾಂಡಿನ ಮೇಲೆ ಕಲ್ಲಿಗೆ ನೇರವಾಗಿ ನಿಲ್ಲಿಸಿ, ಅಲುಗಿಸಬೇಡಿ. ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಪಕ್ಕದಿಂದ, ಕಲ್ಲಿನ ಮೈಗೆ 10ರಿಂದ 15 ಡಿಗ್ರಿ ಓರೆಯಲ್ಲಿ, ಒಂದೆರಡು ಅಡಿ ದೂರದಲ್ಲಿ ಹಿಡಿಯಲಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕು ಮೂಲೆ, ಒಟ್ಟು ಎಂಟು ದಿಕ್ಕಿನಿಂದ ಎಂಟು ಚಿತ್ರ. ಎಡದ ಬೆಳಕಿನಲ್ಲಿ ಕಾಣದ ಅಡ್ಡಗೆರೆ ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಕೊಂಬು, ಗುಡಿಸು, ದೀರ್ಘ ತಪ್ಪುವುದು ಒಂದೇ ಚಿತ್ರ ನಂಬಿದಾಗ. ಕೊನೆಗೆ ಅಳತೆಪಟ್ಟಿ ಇಟ್ಟು ಇನ್ನೊಂದು ಚಿತ್ರ ತೆಗೆಯಿರಿ. ಹಾವಿನ ಕಾಲವಾದರೆ ಮೊದಲು ಕಲ್ಲಿನ ಬುಡಕ್ಕೆ ಬೆಳಕು ಬಿಡಿ.

ಸೀಮೆಸುಣ್ಣದಿಂದ ಅಕ್ಷರ ತಿದ್ದಬೇಡಿ. ನೀವು ಅಂದುಕೊಂಡ ಅಕ್ಷರ ಮುಂದೆ ಬರುವವರ ಕಣ್ಣಿಗೂ ಅದೇ ಆಗಿಬಿಡುತ್ತದೆ. ಕುಂಕುಮ, ಹಿಟ್ಟು ಕೂಡ ಬೇಡ. ಹಿಟ್ಟಿಗೆ ಇರುವೆ ಬರುತ್ತದೆ, ಬೂಸ್ಟು ಹಿಡಿಯುತ್ತದೆ.

ಪಡಿಯಚ್ಚು (ಕಲ್ಲಿನ ಅಕ್ಷರದ ಕಾಗದದ ಅಚ್ಚು) ತೆಗೆಯುವುದು ಹೇಗೆ?

ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಅನುಮತಿ ಇಲ್ಲದೆ ಕೈಹಾಕಬೇಡಿ. ಊರಿನ ಕಲ್ಲಾದರೂ ಪೂಜೆ ಮಾಡುವವರ ಒಪ್ಪಿಗೆ ಬೇಕು. ಹಿಂದೆ ಮಾಡಿದವರ ಜೊತೆ ಒಮ್ಮೆ ಕೂತು ಕಲಿಯುವುದು ಉತ್ತಮ. ಕ್ರಮ ಇಷ್ಟು:

ಕಲ್ಲನ್ನು ಬರೀ ನೀರು ಮತ್ತು ಮೆತ್ತನೆಯ ನಾರಿನ ಬ್ರಶ್‌ನಿಂದ ತೊಳೆಯಿರಿ. ಶಾಸನಕ್ಕಿಂತ ಎಲ್ಲ ಕಡೆ ಎರಡು ಅಂಗುಲ ದೊಡ್ಡದಾದ ಗಟ್ಟಿ ನಾರಿನ ಕಾಗದವನ್ನು ನೀರಿನಲ್ಲಿ ನೆನೆಸಿ, ಒದ್ದೆ ಕಲ್ಲಿನ ಮೇಲೆ ಮೇಲಿನಿಂದ ಕೆಳಕ್ಕೆ ಹಾಸಿ. ಗಾಳಿಗುಳ್ಳೆಯನ್ನು ನಡುವಿನಿಂದ ಅಂಚಿಗೆ ಒತ್ತಿ ಹೊರಡಿಸಿ. ಆಮೇಲೆ ಬಿರುಸು ಕೂದಲಿನ ಬ್ರಶ್‌ನಿಂದ ನೇರವಾಗಿ ತಟ್ಟಿ. ಉಜ್ಜಬೇಡಿ, ಉಜ್ಜಿದರೆ ಕಾಗದ ಹರಿಯುತ್ತದೆ. ಕಾಗದ ಪ್ರತಿ ಗುಳಿಗೂ ಇಳಿಯಬೇಕು. ಹರಿದ ಕಡೆ ಒದ್ದೆ ತುಂಡು ಅಂಟಿಸಿ ಮತ್ತೆ ತಟ್ಟಿ. ಕಾಗದ ಮುಟ್ಟಿದರೆ ತಣ್ಣಗಿರಬೇಕು, ಬೆರಳಿಗೆ ನೀರು ಅಂಟಬಾರದು. ಅದೇ ಹದ. ಆಗ ಬಟ್ಟೆಯ ಉಂಡೆಗೆ ಮಸಿ ಸವರಿ, ಮೊದಲು ಬೇರೆ ಕಾಗದದ ಮೇಲೆ ಒತ್ತಿ ಹೆಚ್ಚಿನ ಮಸಿ ತೆಗೆದು, ಹಗುರವಾಗಿ ತಟ್ಟುತ್ತಾ ಬನ್ನಿ. ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಮೂಲೆಯಿಂದ ಬಿಡಿಸಿ.

ಹೆಚ್ಚು ಒದ್ದೆ ಇದ್ದಾಗ ಮಸಿ ಹಚ್ಚಿದರೆ ಅದು ಕಾಗದ ದಾಟಿ ಕಲ್ಲಿಗೆ ಇಳಿಯುತ್ತದೆ. ಹರಳುಹರಳಾದ ನಮ್ಮ ಕಣಶಿಲೆಯಿಂದ (ಗ್ರಾನೈಟ್) ಅದನ್ನು ತೆಗೆಯಲಾಗುವುದಿಲ್ಲ. ಹೆಚ್ಚು ಒಣಗಿದ್ದರೆ ತಟ್ಟುವಾಗಲೇ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಗಾಳಿ ಬೀಸುವ ದಿನ ಈ ಕೆಲಸವೇ ಬೇಡ. ಎಣ್ಣೆ ಕುಡಿದ ಕಲ್ಲಿಗೆ ಕಾಗದ ಅಂಟುವುದೇ ಇಲ್ಲ, ಅಂಥದ್ದಕ್ಕೆ ಓರೆಬೆಳಕಿನ ಫೋಟೊ ಸಾಕು.

ಕಲ್ಲಿಗೆ ಬಣ್ಣ ಬಳಿದರೆ, ಸಿಮೆಂಟು ಕಟ್ಟೆ ಕಟ್ಟಿಸಿದರೆ ತಪ್ಪೇನು? ಚೆನ್ನಾಗಿ ಕಾಣುತ್ತದಲ್ಲ.

ಇನಾಮೆಲ್ ಪೇಂಟು ಅಕ್ಷರದ ಗುಳಿ ತುಂಬುತ್ತದೆ. ಎರಡು ಮೂರು ಜಾತ್ರೆಗೆ ಎರಡು ಮೂರು ಪದರವಾದರೆ ಅಕ್ಷರ ಇತ್ತೆಂಬುದೇ ಮರೆತುಹೋಗುತ್ತದೆ. ಪೇಂಟು ಒಳಗಿನ ತೇವವನ್ನೂ ಹಿಡಿದಿಡುತ್ತದೆ. ಕೆರೆದು ತೆಗೆಯಲು ಹೋದರೆ ಪೇಂಟಿನ ಜೊತೆ ಕಲ್ಲಿನ ಮೈಯೂ ಬರುತ್ತದೆ. ಸುಣ್ಣ ಬಳಿದದ್ದು ಅಷ್ಟು ಕೆಟ್ಟದ್ದಲ್ಲ, ನೀರು ಹಾಕಿ ಬಿದಿರಿನ ಕಡ್ಡಿಯಿಂದ ನಿಧಾನ ತೆಗೆಯಬಹುದು. ತಂತಿ ಬ್ರಶ್, ಆಸಿಡ್, ಗ್ರೈಂಡರ್ ಯಾವುದೂ ಬೇಡ. ಕಲ್ಲುಹೂವು ಬೆಳೆದಿದ್ದರೆ ಅದನ್ನು ಹಾಗೇ ಬಿಡುವುದು ಕೆರೆಯುವುದಕ್ಕಿಂತ ವಾಸಿ.

ಸಿಮೆಂಟಿನ ತೊಂದರೆ ಎರಡು. ಅದರ ಉಪ್ಪು ತೇವದ ಜೊತೆ ಕಲ್ಲಿಗೆ ಏರಿ, ಒಣಗಿದಾಗ ಹರಳುಗಟ್ಟಿ, ಮೇಲ್ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಎರಡನೆಯದು ಇನ್ನೂ ದೊಡ್ಡದು: ಕಟ್ಟೆ ಎತ್ತರಿಸಿದಾಗ ಕೆಳಗಿನ ಅಂತಸ್ತು, ಅಂದರೆ ಕಾಳಗವೇ ಹೂತುಹೋಗುತ್ತದೆ. ಮೇಲಿನ ಲಿಂಗ ಮಾತ್ರ ಕಾಣುವುದರಿಂದ ಮುಂದಿನ ತಲೆಮಾರು ಅದನ್ನು ಈಶ್ವರನ ಕಲ್ಲು ಅನ್ನುತ್ತದೆ. ಕಟ್ಟಲೇಬೇಕಾದರೆ ಕಲ್ಲಿನಿಂದ ಒಂದಡಿ ಬಿಟ್ಟು, ಮಳೆನೀರು ಹೊರಹೋಗುವಂತೆ ಇಳಿಜಾರು ಇಟ್ಟು ಕಟ್ಟಿ.

ಬುಡದಲ್ಲಿ ಕಸ, ತೆಂಗಿನ ಗರಿ ಸುಡಬೇಡಿ. ಬಿಸಿಗೆ ಕಣಶಿಲೆ ಈರುಳ್ಳಿ ಸಿಪ್ಪೆಯಂತೆ ಚಕ್ಕೆ ಏಳುತ್ತದೆ. ಕರ್ಪೂರವನ್ನು ಕಲ್ಲಿನ ಮೇಲೆಯೇ ಹಚ್ಚುವ ಬದಲು ಮುಂದೆ ಒಂದು ತಟ್ಟೆಯಲ್ಲಿ ಹಚ್ಚಲಿ ಎಂದು ಪೂಜಾರಿಯವರಿಗೆ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ರಸ್ತೆ ಅಗಲ ಮಾಡುತ್ತಿದ್ದಾರೆ. ಕಲ್ಲನ್ನು ಬೇರೆ ಕಡೆ ಇಡಬಹುದೇ?

ಬೇರೆ ದಾರಿ ಇಲ್ಲದಿದ್ದರೆ ಮಾತ್ರ, ಅದೂ ಅಧಿಕಾರಿಗಳಿಗೆ ತಿಳಿಸಿಯೇ. ಕಲ್ಲು ನಿಂತ ಜಾಗವೂ ದಾಖಲೆಯ ಭಾಗ. ಕೆಲವು ಕಲ್ಲು ಸತ್ತ ಜಾಗದಲ್ಲಿ, ಕೆಲವು ಊರಬಾಗಿಲಲ್ಲಿ, ಕೆಲವು ದತ್ತಿ ಕೊಟ್ಟ ಹೊಲದ ಗಡಿಯಲ್ಲಿ ನೆಟ್ಟವು.

ಮೊದಲು ತೂಕ ಅಂದಾಜು ಮಾಡಿ. ಆರಡಿ ಎತ್ತರ, ನಾಲ್ಕಡಿ ಅಗಲ, ಎಂಟು ಅಂಗುಲ ದಪ್ಪದ ಚಪ್ಪಡಿ ಸುಮಾರು 16 ಘನ ಅಡಿ, ಅಂದರೆ 1,200 ಕಿಲೊ ಮುಟ್ಟುತ್ತದೆ. ನಾಲ್ಕು ಹುಡುಗರ ಕೆಲಸವಲ್ಲ. ನೆಲದೊಳಗೆ ಇನ್ನೂ ಎಷ್ಟಿದೆ ಎಂಬುದು ಅಗೆಯುವ ತನಕ ಗೊತ್ತಾಗುವುದಿಲ್ಲ, ಆ ಹೂತ ಭಾಗದಲ್ಲಿ ಅಕ್ಷರವೂ ಇರಬಹುದು. ಜೆಸಿಬಿಯ ಬಕೆಟ್ಟಿನಿಂದ ತಳ್ಳಿದರೆ, ಬರೀ ಸರಪಳಿ ಸುತ್ತಿ ಎತ್ತಿದರೆ ಅಂಚು ಸಿಡಿಯುತ್ತದೆ. ಅಂಚಿನಲ್ಲೇ ಅಕ್ಷರ ಇರುವುದು. ಕೈಯಿಂದ ಸುತ್ತ ಅಗೆದು, ಅಗಲ ಬೆಲ್ಟಿನ ಅಡಿ ಗೋಣಿಚೀಲದ ಮಡಿಕೆ ಇಟ್ಟು, ನಿಂತಂತೆಯೇ ಎತ್ತಿ, ಹುಲ್ಲು ಹಾಸಿದ ಗಾಡಿಯ ಮೇಲೆ ಚಿತ್ರ ಮೇಲಾಗಿ ಮಲಗಿಸಬೇಕು. ತೆಗೆಯುವ ಮೊದಲು ಜಾಗ, ಕಲ್ಲು ನೋಡುತ್ತಿದ್ದ ದಿಕ್ಕು, ಆಳ ಬರೆದಿಡಿ. ಹೊಸ ಜಾಗದಲ್ಲೂ ಅದೇ ದಿಕ್ಕಿಗೆ ನಿಲ್ಲಿಸಿ.

ಹೊಸ ಕಲ್ಲು ಸಿಕ್ಕಿದೆ. ಯಾರಿಗೆ ಹೇಳಬೇಕು? ಕಾನೂನು ಏನು?

ಗ್ರಾಮ ಆಡಳಿತಾಧಿಕಾರಿ (ಎಲ್ಲರೂ ಕರೆಯುವಂತೆ ವಿಎಒ), ತಹಶೀಲ್ದಾರರ ಕಚೇರಿ, ಮತ್ತು ಕೃಷ್ಣಗಿರಿಯ ಸರ್ಕಾರಿ ವಸ್ತುಸಂಗ್ರಹಾಲಯ. ಬರಹದಲ್ಲೇ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಮಣ್ಣಿನಡಿಯಲ್ಲಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಶಾಸನ ಪ್ರಾಚ್ಯವಸ್ತು, ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ರಾಜ್ಯದ ಸ್ಮಾರಕಗಳಿಗೆ ತಮಿಳುನಾಡಿನ 1966ರ ಕಾಯ್ದೆ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ಅನುಮತಿ ಬೇಕಾದ ವಲಯ. ಬೀದಿಬದಿಯ ಬಹುತೇಕ ವೀರಗಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ ಎಂಬುದೂ ನಿಜ.

ನಮ್ಮೂರ ಶಾಸನ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಿಗುತ್ತಿಲ್ಲ. ಯಾರೂ ಓದಿಲ್ಲವೇ?

ಶಾಸನಗಳನ್ನು ಅಚ್ಚು ಹಾಕಿದ ಆ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಗಡಿಗೆ ನಿಲ್ಲುತ್ತವೆ. ಅತ್ತಿಬೆಲೆಯ ಕಲ್ಲು ಅದರಲ್ಲಿರಬಹುದು, ಹೊಸೂರಿನದು ಇರುವುದಿಲ್ಲ. ಹೊಸೂರು ಆಗ ಮದ್ರಾಸ್ ಪ್ರಾಂತದ ಸೇಲಂ ಜಿಲ್ಲೆ. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗಳಾದವು. ಹಾಗಾಗಿ ಹಳೆಯ ವರದಿಗಳಲ್ಲಿ ಸೇಲಂ, ನಡುವಿನವುಗಳಲ್ಲಿ ಧರ್ಮಪುರಿ ಎಂದು ಹುಡುಕಿ. ದಕ್ಷಿಣ ಭಾರತದ ಶಾಸನಗಳ ಸಂಪುಟಗಳು, ಮದ್ರಾಸಿನ ವಾರ್ಷಿಕ ಶಾಸನ ವರದಿಗಳು, ತಮಿಳುನಾಡು ಪುರಾತತ್ವ ಇಲಾಖೆಯ ಜಿಲ್ಲಾವಾರು ಪುಸ್ತಕಗಳು ನೋಡಬೇಕಾದವು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ. ಊರಿನ ಹೆಸರಿನ ಕಾಗುಣಿತವನ್ನು ತಮಿಳು, ತೆಲುಗು, ಇಂಗ್ಲಿಷ್ ಉಚ್ಚಾರದಲ್ಲೂ ಹುಡುಕಿ: ತಳಿ ಎಂಬುದು ‘ತಲ್ಲಿ’ಯಾಗಿಯೂ, ಬೇರಿಕೆ ಎಂಬುದು ‘ಬೇರಿಗೈ’ಯಾಗಿಯೂ ಸಿಗುತ್ತದೆ.

ಕಲ್ಲಿನ ಕೆಳಗೆ ನಿಧಿ ಇರುತ್ತದಂತೆ?

ಇಲ್ಲ. ವೀರಗಲ್ಲಿನ ದತ್ತಿ ಭೂಮಿಯ ರೂಪದಲ್ಲಿ ಹೋದದ್ದು, ಚಿನ್ನವಾಗಿ ಹೂತದ್ದಲ್ಲ. ಬುಡದಲ್ಲಿ ಇರುವುದು ಕಲ್ಲು ಅಲುಗದಂತೆ ಒತ್ತಿದ ಜಲ್ಲಿ ಮತ್ತು ಮಣ್ಣು. ಆ ಬಿಗಿ ತಪ್ಪಿಸಿ ಅಗೆದು ಬಿಟ್ಟರೆ ಮುಂದಿನ ಮಳೆಗೆ ಕಲ್ಲು ಮುಂದಕ್ಕೆ ವಾಲಿ, ಮುಖ ಅಡಿಯಾಗಿ ಬೀಳುತ್ತದೆ. ಅಗೆದ ಗುಂಡಿ ಕಂಡರೆ ಅದೇ ದಿನ ಕಲ್ಲುಜಲ್ಲಿ ತುಂಬಿ, ಒಂದೊಂದು ಅಂಗೈ ದಪ್ಪದ ಪದರಕ್ಕೆ ನೀರು ಚಿಮುಕಿಸಿ ದಿಮ್ಮಸು ಹೊಡೆಯಿರಿ. ಗುಂಡಿ ಮುಚ್ಚುವ ಮೊದಲು ಹೂತ ಭಾಗದ ಒಂದು ಫೋಟೊ ತೆಗೆದುಕೊಳ್ಳಿ, ಅಲ್ಲಿ ಒಂದು ಸಾಲು ಅಕ್ಷರ ಇದ್ದರೂ ಇರಬಹುದು.